ದಿನಕ್ಕೆರಡಾಣೆಯ ಚರಿತ್ರೆ

ಉಳಿತಾಯವನ್ನು ನಾವು ಮನುಷ್ಯನ ಗುಣವೆಂದೇ ಬಗೆಯುತ್ತೇವೆ. ಕೂಡಿಟ್ಟವನು ಜಾಣ, ಕೂಡಿಡದವನು ದುಂದುಗಾರ. ಕೈ ಬಿಗಿಯಿದ್ದರೆ ಯಾರ ಹತ್ತಿರವಾದರೂ ನಾಲ್ಕು ಕಾಸು ನಿಲ್ಲುತ್ತದೆ ಎಂಬ ಮಾತು ಮನೆಮನೆಯಲ್ಲಿದೆ. ಕರಾವಳಿ ಕರ್ನಾಟಕದ ಕಳೆದ ನೂರು ವರ್ಷಗಳ ಚರಿತ್ರೆಯನ್ನು ಎದುರಿಗಿಟ್ಟುಕೊಂಡರೆ ಈ ಮಾತು ಅರ್ಧ ಮಾತ್ರ ನಿಲ್ಲುತ್ತದೆ. 1928ರಲ್ಲಿ ಉಡುಪಿಯ ಒಂದು ಪುಟ್ಟ ಬ್ಯಾಂಕು ದಿನಕ್ಕೆ ಎರಡಾಣೆಯಷ್ಟು ಸಣ್ಣ ಹಣವನ್ನು ಕಟ್ಟಿಸಿಕೊಳ್ಳಲು ಜನರ ಮನೆಬಾಗಿಲಿಗೇ ಆಳು ಕಳಿಸತೊಡಗಿತು. ಅದುವರೆಗೆ ಬ್ಯಾಂಕಿನ ಮೆಟ್ಟಿಲು ಹತ್ತದಿದ್ದ ಜನ, ತಮ್ಮ ಅದೇ ಹಳೆಯ ಸಂಪಾದನೆಯಲ್ಲಿ, ಠೇವಣಿದಾರರಾದರು. ಅವರ ಸ್ವಭಾವ ಒಂದೇ ವರ್ಷದಲ್ಲಿ ತಿದ್ದಿಹೋಯಿತೆಂದು ಯಾರೂ ಹೇಳಲಾರರು. ಸಣ್ಣ ಉಳಿತಾಯದ ರೂಢಿ ಬೆಳೆಯುವುದು ಹೊತ್ತಿಗೆ ಸರಿಯಾಗಿ ಬಾಗಿಲಿಗೆ ಬರುವ ಇನ್ನೊಬ್ಬರ ದುಡಿಮೆಯಿಂದ ಎಂಬುದು ನನ್ನ ವಾದ. ಪಿಗ್ಮಿ ಎಂದು ಹೆಸರಾದ ಆ ಠೇವಣಿಯ ಕತೆಗಿಂತ ಗಟ್ಟಿಯಾದ ಸಾಕ್ಷಿ ಅದಕ್ಕೆ ನಮ್ಮ ನಾಡಿನಲ್ಲಿ ಇಲ್ಲ.

ಆ ಬ್ಯಾಂಕು ಹುಟ್ಟಿದ್ದು 1925ರಲ್ಲಿ, ಕೆನರಾ ಇಂಡಸ್ಟ್ರಿಯಲ್ ಅಂಡ್ ಬ್ಯಾಂಕಿಂಗ್ ಸಿಂಡಿಕೇಟ್ ಎಂಬ ಉದ್ದ ಹೆಸರಿನಲ್ಲಿ. ಮುಂದೆ ಅದೇ ಸಿಂಡಿಕೇಟ್ ಬ್ಯಾಂಕ್ ಆಯಿತು. ವ್ಯಾಪಾರಿ ಉಪೇಂದ್ರ ಅನಂತ ಪೈ, ಇಂಜಿನಿಯರ್ ವಾಮನ ಕುಡ್ವ, ವೈದ್ಯರಾಗಿದ್ದ ಡಾ. ಟಿ.ಎಂ.ಎ. ಪೈ ಸೇರಿ 8,000 ರೂಪಾಯಿ ಬಂಡವಾಳದಲ್ಲಿ ಅದನ್ನು ಕಟ್ಟಿದರು. ಗಿರಣಿ ಬಟ್ಟೆಯ ಹೊಡೆತಕ್ಕೆ ಸಿಕ್ಕಿ ಕೆಲಸ ಕಳೆದುಕೊಳ್ಳುತ್ತಿದ್ದ ಕೈಮಗ್ಗದ ನೇಕಾರರಿಗೆ ಹಣ ಒದಗಿಸುವುದು ಅವರ ಮೊದಲ ಉದ್ದೇಶ. ಮಗ್ಗದವರ ಕಷ್ಟದ ಸ್ವರೂಪ ಇಲ್ಲಿ ಮುಖ್ಯ. ನೂಲು ಸಾಲದಲ್ಲಿ ಬರುತ್ತದೆ, ಬಟ್ಟೆ ಮಾರಿದ ದಿನ ಕಾಸು ಕೈಗೆ ಬರುತ್ತದೆ, ಅಂದೇ ಅಂಗಡಿಗೂ ನೂಲಿನವನಿಗೂ ಹರಿದುಹೋಗುತ್ತದೆ. ತಿಂಗಳ ಕೊನೆಗೆ ಎಣಿಸಿ ಕೊಡುವ ಸಂಬಳ ಅಲ್ಲಿಲ್ಲ. ಇಂಥ ಮನೆಗೆ ಸಾಲ ಕೊಡುವುದು ಒಂದು ದಾರಿ. ಆದರೆ ಸಾಲ ಕೊಡಲು ಬ್ಯಾಂಕಿನ ಬಳಿಯಾದರೂ ಹಣ ಬೇಕು. 8,000 ರೂಪಾಯಿ ಎಷ್ಟು ಮಗ್ಗಗಳಿಗೆ ಸಾಕಾದೀತು?

ಬ್ಯಾಂಕುಗಳಿಗೆ ಜಿಲ್ಲೆಯಲ್ಲಿ ಬರವೇನೂ ಇರಲಿಲ್ಲ. ಮದರಾಸು ಪ್ರಾಂತ್ಯಕ್ಕೆ ಸೇರಿದ್ದ ಆಗಿನ ದಕ್ಷಿಣ ಕನ್ನಡದಲ್ಲಿ 1906ರ ಒಂದೇ ವರ್ಷ ಎರಡು ಸಂಸ್ಥೆಗಳು ಹುಟ್ಟಿದ್ದವು: ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರ ಮುಂದಾಳತ್ವದಲ್ಲಿ ಮುಂದೆ ಕಾರ್ಪೊರೇಷನ್ ಬ್ಯಾಂಕ್ ಆದದ್ದು, ಮಂಗಳೂರಿನಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈಗಳಿಂದ ಮುಂದೆ ಕೆನರಾ ಬ್ಯಾಂಕ್ ಆದ ಕೆನರಾ ಹಿಂದೂ ಪರ್ಮನೆಂಟ್ ಫಂಡ್. 1924ರಲ್ಲಿ ಕರ್ಣಾಟಕ ಬ್ಯಾಂಕ್ ಬಂತು. ಅಂಚೆ ಕಚೇರಿಯ ಉಳಿತಾಯ ಖಾತೆಯಂತೂ 1882ರಿಂದಲೇ ಇತ್ತು, ಸಣ್ಣ ಮೊತ್ತಗಳನ್ನೂ ತೆಗೆದುಕೊಳ್ಳುತ್ತಿತ್ತು. ಉಳಿತಾಯಕ್ಕೆ ಖಾತೆಯೊಂದಿದ್ದರೆ ಸಾಕು ಎನ್ನುವುದಾದರೆ ಉಡುಪಿಯ ನೇಕಾರ, ಮೀನು ಮಾರುವ ಹೆಂಗಸು, ಬೀದಿಬದಿಯ ಅಂಗಡಿಯವನು ಅದಾಗಲೇ ಪಾಸ್‌ಬುಕ್ ಹಿಡಿದಿರಬೇಕಿತ್ತು. ಅಂಚೆ ಕಚೇರಿ ತೆರೆದಿರುವ ಹೊತ್ತು ಅವರ ದುಡಿಮೆಯ ಹೊತ್ತೂ ಹೌದು. ಎರಡಾಣೆ ಕಟ್ಟಲು ಅರ್ಧ ದಿನದ ವ್ಯಾಪಾರ ಬಿಟ್ಟು, ಅರ್ಜಿ ಬರೆಯಲು ಇನ್ನೊಬ್ಬರನ್ನು ಬೇಡಿ, ಕಿಟಕಿಯ ಮುಂದೆ ಕಾದು ನಿಲ್ಲುವವರು ಯಾರು?

ಹೊಸ ಬ್ಯಾಂಕು ಇದೇ ತೊಡಕನ್ನು ಬಿಡಿಸಿತು. ಬ್ರಹ್ಮಾವರದಲ್ಲಿ ತನ್ನ ಮೊದಲ ಶಾಖೆ ತೆರೆದ ವರ್ಷವೇ ಪಿಗ್ಮಿಯನ್ನೂ ಆರಂಭಿಸಿತು. ಬ್ಯಾಂಕಿನ ಪ್ರತಿನಿಧಿ ದಿನಾ ಬಾಗಿಲಿಗೆ ಬರುತ್ತಾನೆ, ಕಾಸು ತೆಗೆದುಕೊಳ್ಳುತ್ತಾನೆ, ಬರೆದುಕೊಡುತ್ತಾನೆ, ಹೋಗುತ್ತಾನೆ. ಇದರ ಲೆಕ್ಕವನ್ನು ಬಿಡಿಸಿ ನೋಡಬೇಕು. ರೂಪಾಯಿಗೆ ಹದಿನಾರಾಣೆಯ ಕಾಲ ಅದು. ದಿನಕ್ಕೆ ಎರಡಾಣೆಯೆಂದರೆ ಮೂವತ್ತು ದಿನಕ್ಕೆ 3 ರೂಪಾಯಿ 12 ಆಣೆ, ಒಂದು ದಿನವೂ ತಪ್ಪದೆ ಕಟ್ಟಿದರೆ ವರ್ಷಕ್ಕೆ 45 ರೂಪಾಯಿ 10 ಆಣೆ. ಅಂಥ 175 ಮನೆಗಳು ಕೂಡಿದರೆ ಒಂದು ವರ್ಷದಲ್ಲಿ ಹೆಚ್ಚುಕಡಿಮೆ ಬ್ಯಾಂಕಿನ ಇಡೀ ಮೂಲ ಬಂಡವಾಳದಷ್ಟು ಹಣ ಸೇರುತ್ತದೆ. ಊರಿನ ನಾಲ್ಕಾರು ಧನಿಕರನ್ನು ಓಲೈಸಿ ತರಬೇಕಾದ ಮೊತ್ತ ಎರಡು ಮೂರು ಕೇರಿಗಳ ಕೈಕಾಸಿನಿಂದ ಎದ್ದು ಬರಬಹುದೆಂಬ ಅರಿವೇ ಆ ಯೋಜನೆಯ ಜೀವಾಳ. ಬಡವರ ಬಳಿ ಹಣವಿಲ್ಲ ಎಂಬ ಬ್ಯಾಂಕಿಂಗ್ ಲೋಕದ ಹಳೆಯ ನಂಬಿಕೆಯನ್ನು ಈ ಗುಣಾಕಾರ ಅಲ್ಲಗಳೆಯಿತು.

ಪಿಗ್ಮಿ ಬರುವ ಮೊದಲೂ ಜನ ಕೂಡಿಡುತ್ತಿರಲಿಲ್ಲವೇ ಎಂದು ಕೇಳಬಹುದು. ಕೂಡಿಡುತ್ತಿದ್ದರು, ಧಾರಾಳವಾಗಿ. ಅಡುಗೆಗೆ ಅಳೆದ ಅಕ್ಕಿಯಿಂದ ಒಂದು ಹಿಡಿ ತೆಗೆದು ಬೇರೆ ಮಡಕೆಗೆ ಹಾಕುವ ರೂಢಿ ನಮ್ಮಲ್ಲಿ ಹಳೆಯದು. ಹೀಗೆ ಕೂಡಿದ ಮುಷ್ಟಿ ಅಕ್ಕಿಯಿಂದ ದೇವಸ್ಥಾನ, ಮಠ, ಶಾಲೆಗಳಿಗೆ ನೆರವಾದದ್ದುಂಟು. ಗೇಣಿಯೇ ಅಕ್ಕಿಯಲ್ಲಿ ಸಂದಾಯವಾಗುತ್ತಿದ್ದ ಜಿಲ್ಲೆಯಲ್ಲಿ ಹುಲ್ಲಿನಲ್ಲಿ ಕಟ್ಟಿದ ಅಕ್ಕಿ ಮುಡಿ ಊಟವೂ ಆಗಿತ್ತು, ಉಳಿತಾಯವೂ ಆಗಿತ್ತು. ಹರಕೆಯ ಡಬ್ಬಿ, ಹೆಂಗಸರ ಸೆರಗಿನ ಗಂಟು, ಚೂರು ಬಂಗಾರ, ಹತ್ತು ಮಂದಿ ಸೇರಿ ಎತ್ತುವ ಚೀಟಿ, ಇವೆಲ್ಲ ಇದ್ದವು. ಈ ಆಕ್ಷೇಪಣೆ ನನ್ನ ವಾದವನ್ನು ಬಲಪಡಿಸುತ್ತದೆಯೇ ಹೊರತು ಕೆಡವುವುದಿಲ್ಲ. ಜನರಲ್ಲಿ ಮನಸ್ಸಿನ ಕೊರತೆ ಇರಲಿಲ್ಲವೆಂದೇ ಇದರ ಅರ್ಥ. ಕೊರತೆಯಿದ್ದದ್ದು ಆ ಎರಡಾಣೆಗೆ ಸುರಕ್ಷಿತವಾದ ಜಾಗದ್ದು. ಮಡಕೆಯ ಅಕ್ಕಿ ಆಷಾಢದ ಮಳೆಯಲ್ಲಿ ಅನ್ನವಾಗುತ್ತದೆ, ಗಂಟಿನ ಕಾಸು ನೆಂಟರು ಬಂದ ದಿನ ಕರಗುತ್ತದೆ, ಚೀಟಿ ನಡೆಸುವವನು ಊರು ಬಿಟ್ಟರೆ ಹತ್ತು ಮನೆ ಮುಳುಗುತ್ತವೆ. ಬಂಗಾರವನ್ನು ಎರಡಾಣೆಗೆ ಕೊಳ್ಳಲಾಗುವುದಿಲ್ಲ. ಗಂಡನ ಕಣ್ಣು ತಪ್ಪಿಸಿ ಕಾಸು ಮುಚ್ಚಿಡಬೇಕಾದ ಹೆಂಗಸಿಗಂತೂ ಮನೆಯೊಳಗಿನ ಯಾವ ಮೂಲೆಯೂ ತನ್ನದಾಗಿರಲಿಲ್ಲ. ಮನೆಯಿಂದ ಹೊರಗೆ ದಾಟಿಹೋದ ಕಾಸು ಮಾತ್ರ ಉಳಿದ ಕಾಸು ಎಂಬ ಸತ್ಯವನ್ನು ಅಂದಿನ ಹೆಂಗಸರು ಬ್ಯಾಂಕಿನವರಿಗಿಂತ ಮೊದಲೇ ತಿಳಿದಿದ್ದರೆಂದು ನಾನು ನಂಬುತ್ತೇನೆ.

ಸಂಗ್ರಾಹಕ ಬರುವುದರಿಂದ ಇನ್ನೂ ಒಂದು ಕೆಲಸವಾಗುತ್ತದೆ. ದಿನಾ ಸಂಜೆ ಅಂಗಡಿಯ ಗಲ್ಲಾದಲ್ಲಿರುವ ಚಿಲ್ಲರೆಗೆ ಹತ್ತು ದಾರಿಗಳಿರುತ್ತವೆ. ಯಾರಾದರೊಬ್ಬರು ಗೊತ್ತಾದ ಹೊತ್ತಿಗೆ ಬಂದು ನಿಲ್ಲುತ್ತಾರೆಂದಾಗ ಆ ಹತ್ತರಲ್ಲಿ ಒಂದು ಮೊದಲೇ ನಿಗದಿಯಾಗಿಬಿಡುತ್ತದೆ. ಕೊಡದಿದ್ದರೆ ದಂಡವಿಲ್ಲ, ಪೊಲೀಸರಿಲ್ಲ. ಪರಿಚಯದ ಮುಖಕ್ಕೆ ಇವತ್ತು ಬೇಡ ಎನ್ನಲು ಸಂಕೋಚವಾಗುತ್ತದೆ, ಅಷ್ಟೇ. ಸಾಲದವನ ಮುಂದೆ ಆಗುವ ನಾಚಿಕೆಗೂ ಇದಕ್ಕೂ ಭೂಮಿ ಆಕಾಶದ ಅಂತರವಿದೆ, ಏಕೆಂದರೆ ಇಲ್ಲಿ ಕೊಟ್ಟ ಕಾಸು ಕೊಟ್ಟವರದೇ. ಅದಕ್ಕೂ ಮಿಗಿಲಾಗಿ, ವರ್ಷಗಟ್ಟಲೆ ಬಿಡದೆ ಕಟ್ಟಿದ ಪಿಗ್ಮಿ ಬ್ಯಾಂಕಿನ ಪುಸ್ತಕದಲ್ಲಿ ಆ ಮನೆಯ ಚಾರಿತ್ರ್ಯದ ದಾಖಲೆಯಾಯಿತು. ಆಸ್ತಿಪತ್ರವಿಲ್ಲದ ಅಂಗಡಿಯವನು ಪಿಗ್ಮಿಯ ಆಧಾರದ ಮೇಲೆ ಸಾಲ ಕೇಳಬಹುದಾಯಿತು.

ಎರಡನೆಯ ಆಕ್ಷೇಪಣೆ ಮೊದಲಿನದಕ್ಕಿಂತ ಹರಿತವಾದದ್ದು. ಮನೆಮನೆ ಅಲೆಯುವ ಖರ್ಚು ಕೊನೆಗೆ ಠೇವಣಿದಾರನ ತಲೆಗೇ ಬರುತ್ತದೆ. ಬಡ್ಡಿ ಕಡಿಮೆ ಬರುತ್ತದೆ. ಬಡವರ ಕಾಸಿನಿಂದ ಬ್ಯಾಂಕು ಬೆಳೆಯುತ್ತದೆ. ಹಾಗಿರುವಾಗ ಇದು ಉಪಕಾರವೇ, ವ್ಯಾಪಾರವೇ? ವ್ಯಾಪಾರವೂ ಹೌದು, ಅದನ್ನು ಮುಚ್ಚಿಡಬೇಕಿಲ್ಲ. ಆದರೆ ಬಡ್ಡಿಯ ದರವೊಂದರಿಂದಲೇ ಈ ಸೇವೆಯನ್ನು ತೂಗುವುದು ಸರಿಯಲ್ಲ. ಬಡವರ ಹಣಕಾಸನ್ನು ದಶಕಗಳ ಕಾಲ ಗಮನಿಸಿದ ಸ್ಟುವರ್ಟ್ ರದರ್‌ಫರ್ಡ್, 2000ದಲ್ಲಿ ಹೊರತಂದ ತಮ್ಮ ಪುಸ್ತಕದಲ್ಲಿ ವಿಜಯವಾಡದ ಕೊಳೆಗೇರಿಯೊಂದರ ಪದ್ಧತಿಯನ್ನು ವಿವರಿಸುತ್ತಾರೆ. ಅಲ್ಲಿ ಒಬ್ಬ ಹೆಂಗಸು 220 ಚೌಕಗಳಿರುವ ಕಾರ್ಡು ಕೊಟ್ಟು, ದಿನಕ್ಕೆ 5 ರೂಪಾಯಿಯಂತೆ 1,100 ರೂಪಾಯಿ ಕಟ್ಟಿಸಿಕೊಂಡು, ಕೊನೆಗೆ 1,000 ರೂಪಾಯಿ ಹಿಂದಿರುಗಿಸುತ್ತಾಳೆ. ಅಂದರೆ ಬಡ್ಡಿ ಸಿಗುವುದಿರಲಿ, ಉಳಿಸುವುದಕ್ಕೇ ಜನ 100 ರೂಪಾಯಿ ತೆರುತ್ತಾರೆ, ಮನಸಾರೆ ತೆರುತ್ತಾರೆ. ಶಾಲೆಯ ಫೀಸಿಗೋ ಹಬ್ಬಕ್ಕೋ ಬೇಕಾದ ದೊಡ್ಡ ಮೊತ್ತ ಕೈಗೂಡಲು ಅವರಿಗೆ ಬೇರೆ ದಾರಿಯೇ ಇಲ್ಲದಿರುವುದು ಅದಕ್ಕೆ ಕಾರಣ. ಇಂಥ ಸೇವೆಗೆ ಕಿಂಚಿತ್ತಾದರೂ ಬಡ್ಡಿ ಸೇರಿಸಿ, ಲೆಕ್ಕಪುಸ್ತಕದ ಭದ್ರತೆಯನ್ನೂ ಕೊಟ್ಟ ಉಡುಪಿಯ ವ್ಯವಸ್ಥೆ ಠೇವಣಿದಾರನ ಪಾಲಿಗೆ ನಷ್ಟದ್ದಾಗಿರಲಿಲ್ಲ.

ಭದ್ರತೆಯ ಮಾತು ಬಂದಾಗ ಹೆಚ್ಚು ಎಚ್ಚರದಿಂದಿರಬೇಕು. 1906ರ ಅಕ್ಟೋಬರಿನಲ್ಲಿ ಮದರಾಸಿನ ಅರ್ಬತ್‌ನಾಟ್ ಕಂಪನಿ ಮುಳುಗಿ ಸಾವಿರಾರು ಸಂಸಾರಗಳ ಕೂಡಿಟ್ಟ ಹಣ ಹೋಗಿತ್ತು. 1938ರಲ್ಲಿ ಟ್ರಾವಂಕೂರ್ ನ್ಯಾಷನಲ್ ಅಂಡ್ ಕ್ವಿಲಾನ್ ಬ್ಯಾಂಕ್ ಕುಸಿಯಿತು, 1960ರಲ್ಲಿ ಪಾಲಾಯಿ ಸೆಂಟ್ರಲ್ ಬ್ಯಾಂಕ್. ಠೇವಣಿಗೆ ವಿಮೆ ಬಂದದ್ದು 1962ರ ಜನವರಿಯಲ್ಲಿ, ಅದೂ ಒಬ್ಬರಿಗೆ 1,500 ರೂಪಾಯಿಯವರೆಗೆ. ಅದಕ್ಕೆ ಮೊದಲಿನ ಮೂವತ್ತನಾಲ್ಕು ವರ್ಷ ಪಿಗ್ಮಿ ಕಟ್ಟಿದವರಿಗೆ ಇದ್ದ ಆಸರೆ ಬ್ಯಾಂಕಿನ ಹೆಸರು ಮತ್ತು ದಿನಾ ಕಾಣುವ ಆ ಮುಖ ಎರಡೇ. ಅಭ್ಯಾಸ ಎಷ್ಟೇ ಚೆನ್ನಾಗಿ ಬೇರೂರಿದ್ದರೂ ಹಣ ಹೋಗಿ ಸೇರುವ ಜಾಗ ಟೊಳ್ಳಾಗಿದ್ದರೆ ಉಳಿತಾಯಗಾರನ ಶಿಸ್ತು ಅವನನ್ನು ಕಾಪಾಡುವುದಿಲ್ಲ. ಜಾಣರು ಉಳಿಸುತ್ತಾರೆ, ದಡ್ಡರು ಕಳೆಯುತ್ತಾರೆ ಎನ್ನುವವರು ಈ ಕುಸಿತಗಳಲ್ಲಿ ಹಣ ಕಳೆದುಕೊಂಡ ಜಾಣರನ್ನು ನೆನೆಯಬೇಕು.

ಈ ಚರಿತ್ರೆಯಲ್ಲಿ ನನ್ನನ್ನು ಎಲ್ಲಕ್ಕಿಂತ ಹೆಚ್ಚು ಕಾಡುವುದು ಸಂಗ್ರಾಹಕರ ಪಾಡು. ಬಿಸಿಲು ಮಳೆಯೆನ್ನದೆ ಬೀದಿ ಸುತ್ತಿದ ಅವರು ಬ್ಯಾಂಕಿನ ನೌಕರರ ಪಟ್ಟಿಯಲ್ಲಿ ಇರಲಿಲ್ಲ. ಸಂಗ್ರಹದ ಮೇಲೆ ಸಿಗುವ ಕಮಿಷನ್ನೇ ಅವರ ಆದಾಯ. ಊರಿನವರಿಗೆ ಉಳಿತಾಯ ಕಲಿಸಿದವರಿಗೆ ತಮ್ಮದೇ ಸಂಬಳವಿರಲಿಲ್ಲ, ನಿವೃತ್ತಿಯ ಹಣವಿರಲಿಲ್ಲ. 1980ರಲ್ಲಿ ಅವರ ವಿವಾದ ಹೈದರಾಬಾದಿನ ಕೈಗಾರಿಕಾ ನ್ಯಾಯಮಂಡಳಿಗೆ ಹೋಯಿತು. ತೀರ್ಪು ಬಂದದ್ದು 1988ರಲ್ಲಿ: ತಿಂಗಳಿಗೆ ಕನಿಷ್ಠ 7,500 ರೂಪಾಯಿ ಸಂಗ್ರಹಿಸಿದರೆ 750 ರೂಪಾಯಿ ಖಚಿತ ವೇತನ, ಅದರಾಚೆಯ ಸಂಗ್ರಹಕ್ಕೆ ಪ್ರೋತ್ಸಾಹಧನ, ಓಡಾಟದ ಭತ್ಯೆ, ಗ್ರಾಚ್ಯುಟಿ. ಬ್ಯಾಂಕುಗಳು ಇದನ್ನೂ ಪ್ರಶ್ನಿಸಿದವು. ಸಂಗ್ರಾಹಕರು ಕಾರ್ಮಿಕರೇ ಹೌದೆಂದು ಸುಪ್ರೀಂ ಕೋರ್ಟ್ 2001ರ ಫೆಬ್ರವರಿಯಲ್ಲಿ ಹೇಳಿತು. ಖಾಯಂ ನೌಕರಿ ಮಾತ್ರ ಸಿಗಲಿಲ್ಲ. ಪಿಗ್ಮಿ ಆರಂಭವಾಗಿ ಆಗ ಎಪ್ಪತ್ತು ವರ್ಷಗಳೇ ದಾಟಿದ್ದವು. ಉಳಿತಾಯವನ್ನು ಉಳಿಸುವವನ ಗುಣವೆಂದು ಮಾತ್ರ ಕಂಡರೆ ಈ ಮನುಷ್ಯ ಲೆಕ್ಕದಿಂದಲೇ ಬಿಟ್ಟುಹೋಗುತ್ತಾನೆ. ಅವನು ಹೀಗೆ ಬಿಟ್ಟುಹೋದದ್ದು ಬ್ಯಾಂಕುಗಳಿಗೆ ಅನುಕೂಲವೇ ಆಯಿತು.

ಇದೆಲ್ಲ ಹಳೆಯ ಕಾಲದ್ದು, ಈಗ ಫೋನಿದೆ ಎನ್ನುವವರಿದ್ದಾರೆ. ತಿಂಗಳ ಸಂಬಳದವರಿಗೆ ಈ ಮಾತು ಒಪ್ಪುತ್ತದೆ. ಒಂದನೆಯ ತಾರೀಖು ತಾನೇ ಕಡಿತವಾಗುವ ಕಂತು ಅವರ ಪಾಲಿಗೆ ಸಂಗ್ರಾಹಕನ ಕೆಲಸವನ್ನೇ ಮಾಡುತ್ತದೆ. ದಿನದ ಗಳಿಕೆಯವರ ಬದುಕು ಬೇರೆ. 2014ರ ಆಗಸ್ಟಿನಲ್ಲಿ ಜನಧನ ಯೋಜನೆ ಕೋಟಿಗಟ್ಟಲೆ ಖಾತೆಗಳನ್ನು ತೆರೆಸಿತು, ಆರಂಭದಲ್ಲಿ ಅವುಗಳಲ್ಲಿ ಬಹುಪಾಲು ಬರಿದಾಗಿದ್ದವು. ಖಾತೆ ಇದ್ದ ಮಾತ್ರಕ್ಕೆ ಉಳಿತಾಯ ಬರುವುದಿಲ್ಲವೆಂಬ 1882ರ ಅಂಚೆ ಖಾತೆಯ ಪಾಠ ಮತ್ತೊಮ್ಮೆ ನಮ್ಮೆದುರಿಗೆ ಬಂತು. 2016ರಲ್ಲಿ ಬಂದ ಯುಪಿಐ ಖರ್ಚಿನ ದಾರಿಯನ್ನು ಸಲೀಸು ಮಾಡಿತು. ಉಳಿತಾಯಕ್ಕೆ ಯಾರೂ ಬಾಗಿಲು ತಟ್ಟಲಿಲ್ಲ. ಅದೇ ಅವಧಿಯಲ್ಲಿ ನಿಜವಾಗಿ ಉಳಿಸಿದವರು ಯಾರೆಂದು ನೋಡಿದರೆ ಸ್ವಸಹಾಯ ಸಂಘಗಳ ಹೆಂಗಸರು ಕಾಣುತ್ತಾರೆ. 1982ರಲ್ಲಿ ಶುರುವಾದ ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆ, ಮೈರಾಡ ಸಂಸ್ಥೆ ಎಂಬತ್ತರ ದಶಕದಲ್ಲಿ ಕಟ್ಟಿದ ಗುಂಪುಗಳು, 1992ರಲ್ಲಿ ನಬಾರ್ಡ್ ಇಂಥ ಗುಂಪುಗಳನ್ನು ಬ್ಯಾಂಕುಗಳಿಗೆ ಬೆಸೆದ ಕಾರ್ಯಕ್ರಮ, 2000ದಲ್ಲಿ ಬಂದ ಸ್ತ್ರೀಶಕ್ತಿ, ಎಲ್ಲದರ ನಡುಗಂಬ ಗೊತ್ತಾದ ದಿನದ ಸಭೆ ಮತ್ತು ಎದುರಿಗೆ ಕೂತ ನೆರೆಹೊರೆಯವರು. ಪಿಗ್ಮಿಯಲ್ಲಿ ಒಬ್ಬ ಮನುಷ್ಯ ಮಾಡಿದ್ದನ್ನು ಇಲ್ಲಿ ಹತ್ತಿಪ್ಪತ್ತು ಹೆಂಗಸರು ಒಬ್ಬರಿಗೊಬ್ಬರು ಮಾಡುತ್ತಾರೆ.

ಸಿಂಡಿಕೇಟ್ ಬ್ಯಾಂಕ್ 1969ರ ಜುಲೈ 19ರಂದು ರಾಷ್ಟ್ರೀಕರಣಗೊಂಡು, 2020ರ ಏಪ್ರಿಲ್ 1ರಂದು ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು. ಪಿಗ್ಮಿ ಆ ಹೆಸರಿನೊಂದಿಗೆ ಹೋಗಲಿಲ್ಲ. ಪತ್ತಿನ ಸಹಕಾರ ಸಂಘಗಳು, ಸೌಹಾರ್ದ ಸಹಕಾರಿಗಳು ಇಂದಿಗೂ ಪೇಟೆಬೀದಿಗಳಲ್ಲಿ ಕೈಯಂತ್ರ ಹಿಡಿದ ಸಂಗ್ರಾಹಕರನ್ನು ಕಳಿಸುತ್ತವೆ. ಹೂವಿನವರು, ತರಕಾರಿಯವರು, ಹೋಟೆಲಿನವರು ಕಟ್ಟುತ್ತಲೇ ಇದ್ದಾರೆ. ಅವರು ತಿಳಿದಿರಲೇಬೇಕಾದ ಸಂಗತಿಯೊಂದಿದೆ. ವಾಣಿಜ್ಯ ಬ್ಯಾಂಕು ಮತ್ತು ಸಹಕಾರಿ ಬ್ಯಾಂಕುಗಳ ಠೇವಣಿಗೆ 2020ರ ಫೆಬ್ರವರಿಯಿಂದ ಒಬ್ಬರಿಗೆ 5 ಲಕ್ಷ ರೂಪಾಯಿಯವರೆಗೆ ವಿಮೆಯಿದೆ. ಪತ್ತಿನ ಸಹಕಾರ ಸಂಘಗಳಿಗೂ ಬ್ಯಾಂಕ್ ಪರವಾನಗಿಯಿಲ್ಲದ ಸೌಹಾರ್ದಗಳಿಗೂ ಆ ವಿಮೆ ಅನ್ವಯಿಸುವುದಿಲ್ಲ. ಬೋರ್ಡಿನ ಮೇಲೆ ಬ್ಯಾಂಕಿನಂತೆಯೇ ಕಾಣುವ ಹೆಸರಿದ್ದರೂ ಇಲ್ಲ. ದಿನಾ ಪಿಗ್ಮಿ ಕಟ್ಟುವವರು ಇಂದಿನ ರಸೀದಿ ಪಡೆಯುವಾಗಲೇ ತಮ್ಮ ಹಣ ಯಾವ ಬಗೆಯ ಸಂಸ್ಥೆಗೆ ಹೋಗುತ್ತಿದೆ, ಅದಕ್ಕೆ ಠೇವಣಿ ವಿಮೆ ಇದೆಯೇ ಎಂದು ಕೇಳಿ ತಿಳಿದುಕೊಳ್ಳಲಿ. ಸಂಸ್ಥೆಗಳು ತಮ್ಮ ಸಂಗ್ರಾಹಕರಿಗೆ ಕಮಿಷನ್ನಿನ ಜೊತೆಗೆ ಖಚಿತ ವೇತನವನ್ನೂ ಭವಿಷ್ಯನಿಧಿಯನ್ನೂ ಕೊಡಲಿ.