ಐದು ಡಾಲರಿನ ಕೌದಿ

ಹಳೆಯ ಸೀರೆ, ಧೋತರಗಳನ್ನು ಪದರ ಪದರವಾಗಿ ಹಾಸಿ ಹೊಲಿದ ಕೌದಿ ನಮ್ಮ ಉತ್ತರ ಕರ್ನಾಟಕದ ಮನೆಗಳಿಗೆ ಹೊಸದಲ್ಲ. ಆದರೆ ಹೊಲಿದವರ ಹೆಸರು ಬರೆದಿಡುವ ರೂಢಿ ನಮ್ಮಲ್ಲಿ ಇರಲಿಲ್ಲ. ಅಮೆರಿಕದಲ್ಲಿ ಅಂಥ ಒಬ್ಬಾಕೆಯ ಹೆಸರು ಉಳಿದಿದೆ: ಹ್ಯಾರಿಯೆಟ್ ಪವರ್ಸ್.

1837ರಲ್ಲಿ ಜಾರ್ಜಿಯಾ ರಾಜ್ಯದಲ್ಲಿ ಗುಲಾಮಳಾಗಿ ಹುಟ್ಟಿದವಳು ಈಕೆ. ಬಿಡುಗಡೆಯಾದ ಮೇಲೆ, ಬಟ್ಟೆಯ ತುಂಡುಗಳನ್ನು ಮನುಷ್ಯರ, ಪ್ರಾಣಿಗಳ ಆಕಾರಕ್ಕೆ ಕತ್ತರಿಸಿ ಬೈಬಲ್ಲಿನ ಕತೆಗಳನ್ನು 11 ಚೌಕಗಳ ಕೌದಿಯಾಗಿ ಹೊಲಿದಳು. 1886ರಲ್ಲಿ ಅಥೆನ್ಸ್ ಪಟ್ಟಣದ ಹತ್ತಿ ಮೇಳದಲ್ಲಿ ಅದು ಪ್ರದರ್ಶನಕ್ಕೆ ಬಂತು. ಜೆನ್ನಿ ಸ್ಮಿತ್ ಎಂಬ ಚಿತ್ರಕಲಾ ಶಿಕ್ಷಕಿ ಕೊಳ್ಳಲು ಮುಂದಾದಳು. ಹ್ಯಾರಿಯೆಟ್ ಕೊಡಲಿಲ್ಲ.

ಕೆಲವು ವರ್ಷಗಳಲ್ಲಿ ಕೈ ಬರಿದಾಯಿತು. ಹಿಟ್ಟಿನ ಚೀಲದಲ್ಲಿ ಸುತ್ತಿದ ಕೌದಿಯನ್ನು ಮಡಿಲಲ್ಲಿಟ್ಟುಕೊಂಡು ಎತ್ತಿನ ಗಾಡಿಯಲ್ಲಿ ಸ್ಮಿತ್‌ಳ ಮನೆಬಾಗಿಲಿಗೆ ಬಂದಳು. ಕೇಳಿದ್ದು ಹತ್ತು ಡಾಲರು, ಸಿಕ್ಕಿದ್ದು ಐದು. ಗಂಡನೂ ಕೊಟ್ಟುಬಿಡು ಎಂದ. ಆಕೆ ಒಂದೊಂದು ಚೌಕದ ಅರ್ಥವನ್ನೂ ಬಿಡಿಸಿ ಹೇಳಿದಳು, ಸ್ಮಿತ್ ಬರೆದುಕೊಂಡಳು. ಆಮೇಲೂ ಹಲವು ಸಲ ಕೌದಿಯನ್ನು ನೋಡಲು ಬರುತ್ತಿದ್ದಳಂತೆ, ಕೊಟ್ಟ ಮಗಳನ್ನು ನೋಡಿಬರಲು ತಾಯಿ ಹೋಗುವ ಹಾಗೆ.

1910ರಲ್ಲಿ ಹ್ಯಾರಿಯೆಟ್ ತೀರಿಕೊಂಡಳು. ಆ ಕೌದಿ ಈಗ ಅಮೆರಿಕದ ಸ್ಮಿತ್ಸೋನಿಯನ್ ಸಂಗ್ರಹದಲ್ಲಿದೆ. ಆಕೆಯದೇ ಇನ್ನೊಂದು ಬಾಸ್ಟನ್ನಿನ ಲಲಿತಕಲಾ ಸಂಗ್ರಹಾಲಯದಲ್ಲಿದೆ. ಕೊಂಡವಳು ಕೊಟ್ಟ ಬೆಲೆ ಕಡಿಮೆ, ನಿಜ. ಆದರೆ ಹೊಲಿದವಳ ಮಾತನ್ನು ಕಾಗದಕ್ಕೆ ಇಳಿಸಿದಳಲ್ಲ, ಅದರಿಂದಲೇ ಆ ಚೌಕಗಳು ಇಂದಿಗೂ ಮಾತಾಡುತ್ತಿವೆ. ನಮ್ಮ ಮನೆಗಳ ಕೌದಿಗಳನ್ನು ಹೊಲಿದ ಕೈಗಳು ಇನ್ನೂ ಕೆಲವು ಇವೆ. ಕೇಳಿ ಬರೆದುಕೊಳ್ಳುವುದಕ್ಕೆ ಐದು ಡಾಲರೂ ಬೇಕಿಲ್ಲ.