ಯೂನಿಕ್ಸ್ ಮಾದರಿಯ ಗಣಕಯಂತ್ರಗಳಲ್ಲಿ ಬಳಕೆದಾರರ ಖಾತೆ ಹಾಗೂ ಗುಪ್ತಪದದ ವ್ಯವಸ್ಥೆ

ಕಛೇರಿಯ ಒಂದೇ ಗಣಕಯಂತ್ರವನ್ನು ಹಲವರು ಬಳಸುವಲ್ಲಿ ಪ್ರತಿಯೊಬ್ಬರಿಗೂ ಪ್ರತ್ಯೇಕ ಖಾತೆ ಇರತಕ್ಕದ್ದು. ಗುಪ್ತಪದವನ್ನು ಹಂಚಿಕೊಂಡಲ್ಲಿ ಯಾವ ನಮೂದನ್ನು ಯಾರು ಮಾಡಿದರೆಂದು ನಿರ್ಧರಿಸುವುದು ಸಾಧ್ಯವಾಗುವುದಿಲ್ಲ.

ಶಿವಮೊಗ್ಗ ಜಿಲ್ಲೆ ಹೊಸನಗರ ತಾಲ್ಲೂಕಿನ ನಿಟ್ಟೂರಿನಂತಹ ಗ್ರಾಮಗಳ ರೈತರಿಗೆ ಇದರ ಮಹತ್ವ ಪಹಣಿಯಿಂದಲೇ ಪರಿಚಿತ. ಕಂದಾಯ ಇಲಾಖೆಯ ‘ಭೂಮಿ’ ಯೋಜನೆಯಡಿ 2000ರ ದಶಕದ ಆರಂಭದಲ್ಲಿ ತಾಲ್ಲೂಕು ಕೇಂದ್ರಗಳಲ್ಲಿ 15 ರೂಪಾಯಿ ಶುಲ್ಕಕ್ಕೆ ಗಣಕೀಕೃತ ಪಹಣಿ ದೊರೆಯಲಾರಂಭಿಸಿತು. ಸದರಿ ವ್ಯವಸ್ಥೆಯಲ್ಲಿ ನೌಕರರ ಗುರುತನ್ನು ಬೆರಳಚ್ಚಿನಿಂದ ದೃಢಪಡಿಸಿ, ಅವರು ನಿರ್ವಹಿಸಿದ ಕಾರ್ಯಗಳನ್ನು ದಾಖಲಿಸಲಾಗುತ್ತಿತ್ತು. ಗುಪ್ತಪದವನ್ನು ಬೇರೆಯವರಿಗೆ ತಿಳಿಸಬಹುದು. ಬೆರಳನ್ನು ಎರವಲು ಕೊಡಲಾಗದು. ‘ಭೂಮಿ’ ವಿಂಡೋಸ್ ಆಧಾರಿತವಾಗಿತ್ತಾದರೂ ತತ್ತ್ವ ಒಂದೇ. ಬೆರಳಚ್ಚಿನ ಸಾಧನವಿಲ್ಲದ ಲಿನಕ್ಸ್ ಗಣಕಯಂತ್ರದಲ್ಲಿ ಆ ಹೊಣೆ ಗುಪ್ತಪದದ ಮೇಲೆಯೇ ಬೀಳುತ್ತದೆ.

ಕಡತಗಳ ವಿವರ

‘ಇಟಿಸಿ’ ಕೋಶದಲ್ಲಿನ ‘ಪಾಸ್‌ವರ್ಡ್’ ಕಡತದಲ್ಲಿ (ಇದರ ಹೆಸರಿನಲ್ಲಿ ‘ಓ’, ‘ಆರ್’ ಅಕ್ಷರಗಳಿರುವುದಿಲ್ಲ) ಬಳಕೆದಾರರ ಹೆಸರು, ಕ್ರಮಸಂಖ್ಯೆ ಮೊದಲಾದವು ಇರುತ್ತವೆ. ಹೆಸರು ಹೀಗಿದ್ದರೂ ಗುಪ್ತಪದ ಅದರಲ್ಲಿರುವುದಿಲ್ಲ. ಮರಳಿ ಓದಲಾಗದಂತೆ ಪರಿವರ್ತಿಸಿದ ಅದರ ರೂಪವನ್ನು, ಸಾಮಾನ್ಯ ಬಳಕೆದಾರರು ತೆರೆಯಲಾಗದ ‘ಶ್ಯಾಡೋ’ ಕಡತದಲ್ಲಿ ಇರಿಸಲಾಗುತ್ತದೆ. ಆದುದರಿಂದ ಮರೆತ ಗುಪ್ತಪದವನ್ನು ಮೇಲ್ವಿಚಾರಕರೂ ಹೇಳಲಾರರು; ಹೊಸದನ್ನು ನೀಡಬಹುದಷ್ಟೆ.

ಅವಧಿ ಮತ್ತು ಆಯ್ಕೆ

ಗುಪ್ತಪದದ ಅವಧಿಯನ್ನು ‘ಲಾಗಿನ್.ಡೆಫ್ಸ್’ ಕಡತದಲ್ಲಿ ನಿಗದಿಪಡಿಸಬಹುದು. ಅನೇಕ ಲಿನಕ್ಸ್ ಆವೃತ್ತಿಗಳಲ್ಲಿ ಇದು 99999 ದಿನ, ಅಂದರೆ ಸುಮಾರು 273 ವರ್ಷ ಎಂದಿರುತ್ತದೆ. ಇಲ್ಲಿ ಮಾಡಿದ ಬದಲಾವಣೆ ನಂತರ ತೆರೆಯುವ ಖಾತೆಗಳಿಗೆ ಮಾತ್ರ ಅನ್ವಯಿಸುತ್ತದೆ ಎಂಬುದನ್ನು ಹಲವರು ಗಮನಿಸುವುದಿಲ್ಲ. ಹಳೆಯ ಖಾತೆಗಳಿಗೆ ‘ಚೇಜ್’ (ಸಿ, ಎಚ್, ಎ, ಜಿ, ಇ) ಆದೇಶವನ್ನು ಪ್ರತ್ಯೇಕವಾಗಿ ಬಳಸಬೇಕು. ಅಮೆರಿಕದ ಮಾನಕ ಸಂಸ್ಥೆಯಾದ ನಿಸ್ಟ್, ನಿಯತಕಾಲಿಕ ಬದಲಾವಣೆಯನ್ನು ಒತ್ತಾಯಿಸುವುದು ಬೇಡವೆಂದು 2017ರಲ್ಲಿ ಸೂಚಿಸಿದೆ. ಪದೇ ಪದೇ ಬದಲಿಸಬೇಕಾದವರು ಕೊನೆಯ ಅಂಕಿಯನ್ನಷ್ಟೇ ಬದಲಿಸುವುದು ಸಾಮಾನ್ಯ.

1979ರಲ್ಲಿ ರಾಬರ್ಟ್ ಮಾರಿಸ್ ಮತ್ತು ಕೆನ್ ಥಾಂಪ್ಸನ್ 3,289 ಗುಪ್ತಪದಗಳನ್ನು ಪರಿಶೀಲಿಸಿದಾಗ 2,831, ಅಂದರೆ ಶೇ. 86ರಷ್ಟು, ತೀರ ಚಿಕ್ಕವು ಅಥವಾ ನಿಘಂಟು ಮುಂತಾದ ಪಟ್ಟಿಗಳಲ್ಲಿ ಸಿಗುವಂತಹವು ಆಗಿದ್ದವು. ಊರಿನ ಹೆಸರು, ಮನೆದೇವರ ಹೆಸರು, ಹುಟ್ಟಿದ ವರ್ಷ ಇವು ಇಂದಿಗೂ ಸುಲಭವಾಗಿ ಊಹಿಸಬಹುದಾದವು. ಪರಸ್ಪರ ಸಂಬಂಧವಿಲ್ಲದ ನಾಲ್ಕೈದು ಕನ್ನಡ ಪದಗಳನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದು ಜೋಡಿಸುವುದು ಸೂಕ್ತ. ಕನ್ನಡ ಲಿಪಿಯಲ್ಲೇ ಗುಪ್ತಪದ ನೀಡುವುದಕ್ಕೆ ತಾಂತ್ರಿಕವಾಗಿ ಅಡ್ಡಿಯಿಲ್ಲದಿದ್ದರೂ, ಪ್ರವೇಶ ಪರದೆಯಲ್ಲಿ ಕನ್ನಡ ಕೀಲಿಮಣೆ ಲಭ್ಯವಿಲ್ಲದಿದ್ದಲ್ಲಿ ಬಳಕೆದಾರರು ಹೊರಗುಳಿಯಬೇಕಾಗುತ್ತದೆ.

ನೌಕರರ ವರ್ಗಾವಣೆ

ವರ್ಗಾವಣೆಯಾದವರ ಖಾತೆಯನ್ನು ಕೂಡಲೇ ಅಳಿಸಬಾರದು. ಕಡತದ ಒಡೆತನವನ್ನು ಯೂನಿಕ್ಸ್ ಹೆಸರಿನಿಂದಲ್ಲ, ಕ್ರಮಸಂಖ್ಯೆಯಿಂದ ಗುರುತಿಸುತ್ತದೆ. ಉದಾಹರಣೆಗೆ, 1004ನೇ ಸಂಖ್ಯೆಯ ಖಾತೆಯೇ ಕೊನೆಯದಾಗಿದ್ದು ಅದನ್ನು ಅಳಿಸಿದರೆ, ಮುಂದೆ ಬರುವ ನೌಕರರಿಗೆ ಸಾಮಾನ್ಯವಾಗಿ ಅದೇ ಸಂಖ್ಯೆ ದೊರೆಯುತ್ತದೆ. ಹಿಂದಿನವರ ಉಳಿದ ಕಡತಗಳೆಲ್ಲ ಹೊಸಬರ ಹೆಸರಿನಲ್ಲಿ ಕಾಣಿಸಿಕೊಳ್ಳುತ್ತವೆ. ತಾವು ಬರೆಯದ ದಾಖಲೆಗೆ ಅವರು ಉತ್ತರಿಸಬೇಕಾದ ಸ್ಥಿತಿ ಒದಗಬಹುದು.

ಇಂತಹ ಸಂದರ್ಭದಲ್ಲಿ ಗುಪ್ತಪದಕ್ಕೆ ಬೀಗ ಹಾಕಿದರೆ ಸಾಲದು. ಎಸ್‌ಎಸ್‌ಎಚ್ ಕೀಲಿಯ ಮೂಲಕ ಬೇರೆಡೆಯಿಂದ ಪ್ರವೇಶಿಸುವ ದಾರಿ ಉಳಿದಿರುತ್ತದೆ. ‘ಯೂಸರ್‌ಮಾಡ್’ ಆದೇಶದಿಂದ ಖಾತೆಯ ಮುಕ್ತಾಯ ದಿನವನ್ನು 1 ಎಂದು ನಮೂದಿಸಿದಲ್ಲಿ, ಅದು 1970ರ ಜನವರಿ 2ರಂದೇ ಮುಗಿದಂತೆ ಪರಿಗಣಿತವಾಗಿ ಪ್ರವೇಶ ನಿಲ್ಲುತ್ತದೆ. ಕಡತಗಳು ಅವರ ಹೆಸರಿನಲ್ಲೇ ಉಳಿಯುತ್ತವೆ.

ಮೇಲ್ವಿಚಾರಕರ ‘ರೂಟ್’ ಖಾತೆಯನ್ನು ದಿನನಿತ್ಯದ ಕೆಲಸಕ್ಕೆ ಬಳಸತಕ್ಕದ್ದಲ್ಲ. ‘ಸುಡೊ’ ಮೂಲಕ ಅಧಿಕಾರ ಪಡೆದಲ್ಲಿ, ಆದೇಶ ನೀಡಿದವರ ಹೆಸರು ದಾಖಲಾಗುತ್ತದೆ. ಡಿಸ್ಕ್ ಗೂಢಲಿಪೀಕರಣಗೊಂಡಿರದಿದ್ದಲ್ಲಿ, ಯಂತ್ರದ ಮುಂದೆ ಕುಳಿತವರು ಅದನ್ನು ಮರುಚಾಲನೆಗೊಳಿಸಿ ರೂಟ್ ಗುಪ್ತಪದವನ್ನು ಬದಲಿಸಬಲ್ಲರು. ಆದುದರಿಂದ ಗಣಕಯಂತ್ರವಿರುವ ಕೊಠಡಿಯ ಬೀಗದ ಕೈಯನ್ನೂ ಜವಾಬ್ದಾರಿಯುತ ನೌಕರರ ಬಳಿಯೇ ಇರಿಸತಕ್ಕದ್ದು.