ಮುಂಬಯಿ ರಾಜ್ಯವನ್ನು ಬಿಟ್ಟವರು: ಗುಜರಾತಿನ ವಾದವಿವಾದ ಮತ್ತು ಕನ್ನಡದ ನೆನಪು

ಕರ್ನಾಟಕ ಏಕೀಕರಣದ ಚರಿತ್ರೆಯನ್ನು ಬರೆದವರು 1956ರ ನವೆಂಬರ್ 1ನ್ನು ಕೂಡಿಕೆಯ ದಿನವೆಂದೇ ನೋಡಿದ್ದಾರೆ. ಅದು ಸಹಜ. ಆದರೆ ಧಾರವಾಡ, ಬೆಳಗಾವಿ, ವಿಜಾಪುರ, ಉತ್ತರ ಕನ್ನಡ ಜಿಲ್ಲೆಗಳ ಮಟ್ಟಿಗೆ ಅದು ಮುಂಬಯಿ ರಾಜ್ಯದಿಂದ ಹೊರಬಂದ ದಿನವೂ ಹೌದು. ಅಂದೇ ಆ ರಾಜ್ಯಕ್ಕೆ ಸೌರಾಷ್ಟ್ರ, ಕಚ್ಛ, ಮರಾಠವಾಡಾ, ವಿದರ್ಭಗಳು ಸೇರಿ ದ್ವಿಭಾಷಾ ರಾಜ್ಯವೊಂದು ರೂಪುಗೊಂಡಿತು. ನಾವು ಬಿಟ್ಟುಬಂದ ಆ ಮನೆಯಲ್ಲಿ ಉಳಿದ ಗುಜರಾತಿಗಳು ಮುಂದಿನ ಮೂರೂವರೆ ವರ್ಷ ನಡೆಸಿದ ವಾದವಿವಾದದಲ್ಲಿ ನಮ್ಮದೇ ಅನುಭವದ ಇನ್ನೊಂದು ಮುಖ ಕಾಣುತ್ತದೆ. ಅದನ್ನು ಅವಲೋಕಿಸುವುದು ಈ ಲೇಖನದ ಉದ್ದೇಶ.

ಈ ವಿವಾದಕ್ಕೆ ಪೂರ್ವನಿದರ್ಶನಗಳಿದ್ದವು. 1920ರ ನಾಗಪುರ ಅಧಿವೇಶನದ ತರುವಾಯ ಕಾಂಗ್ರೆಸ್ಸು ತನ್ನ ಪ್ರಾಂತ ಸಮಿತಿಗಳನ್ನು ಭಾಷೆಯ ಆಧಾರದ ಮೇಲೆ ರಚಿಸಿಕೊಂಡಿತು; ಗುಜರಾತಕ್ಕೂ ಕರ್ನಾಟಕಕ್ಕೂ ಬೇರೆ ಬೇರೆ ಸಮಿತಿಗಳು, ಮುಂಬಯಿ ನಗರಕ್ಕೆ ಮತ್ತೊಂದು. 1936ರಲ್ಲಿ ಸಿಂಧ್ ಮುಂಬಯಿ ಪ್ರಾಂತದಿಂದ ಬೇರ್ಪಟ್ಟಾಗ ಅದರ ಆದಾಯ ಖರ್ಚಿಗೆ ಸಾಲದೆಂಬುದೇ ಮುಖ್ಯ ಆಕ್ಷೇಪವಾಗಿತ್ತು. ಕೇಂದ್ರದ ಸಹಾಯಧನದಿಂದ ಆ ಕೊರತೆಯನ್ನು ತುಂಬಬೇಕಾಯಿತು. ಬೇರ್ಪಡುವವನು ಮೊದಲು ತನ್ನ ಲೆಕ್ಕಪುಸ್ತಕವನ್ನು ತೋರಿಸಬೇಕೆಂಬ ಪದ್ಧತಿ ಅಲ್ಲಿಂದ ಬಂದಿರಬಹುದು.

ರಾಜ್ಯ ಪುನರ್ವಿಂಗಡಣಾ ವಿಧೇಯಕವು ಮುಂಬಯಿ ಶಾಸನಸಭೆಯ ಅಭಿಪ್ರಾಯಕ್ಕೆ ಬಂದಾಗ ಅದರಲ್ಲಿ ಮಹಾರಾಷ್ಟ್ರ, ಗುಜರಾತ, ಕೇಂದ್ರಾಡಳಿತದ ಮುಂಬಯಿ ಎಂಬ ಮೂರು ಘಟಕಗಳಿದ್ದವು. 1956ರ ಆಗಸ್ಟಿನಲ್ಲಿ ಸಂಸತ್ತು ಅವನ್ನು ತಿದ್ದಿ ಒಂದೇ ರಾಜ್ಯವನ್ನಾಗಿಸಿತು. ಆಗಸ್ಟ್ 8ರಂದು ಅಹಮದಾಬಾದಿನ ಕಾಂಗ್ರೆಸ್ ಭವನದ ಬಳಿ ಪ್ರತಿಭಟಿಸಿದ ವಿದ್ಯಾರ್ಥಿಗಳ ಮೇಲೆ ಗೋಲೀಬಾರು ನಡೆದು ಸಾವುಗಳಾದವು. ಮುಖ್ಯಮಂತ್ರಿ ಮೊರಾರ್ಜಿ ದೇಸಾಯಿಯವರು ಅಲ್ಲಿಗೇ ಬಂದು ಉಪವಾಸ ಕೈಗೊಂಡರು. ಸೆಪ್ಟೆಂಬರಿನಲ್ಲಿ ಇಂದುಲಾಲ್ ಯಾಜ್ಞಿಕರ ನಾಯಕತ್ವದಲ್ಲಿ ಮಹಾಗುಜರಾತ ಜನತಾ ಪರಿಷತ್ತು ಹುಟ್ಟಿತು. 1957ರಲ್ಲಿ ಅವರು ಅಹಮದಾಬಾದಿನಿಂದ ಲೋಕಸಭೆಗೆ ಆಯ್ಕೆಯಾದರು.

ಜನಾಭಿಪ್ರಾಯದ ಪ್ರಶ್ನೆ ಬೀದಿಯಲ್ಲಷ್ಟೇ ಇರಲಿಲ್ಲ, ನ್ಯಾಯಾಲಯಕ್ಕೂ ಹೋಯಿತು. ಬಾಬುಲಾಲ್ ಪರಾಟೆ ಪ್ರಕರಣದಲ್ಲಿ ಅರ್ಜಿದಾರರ ವಾದ ಸರಳ: ಶಾಸನಸಭೆ ನೋಡಿದ್ದು ಮೂರು ಘಟಕಗಳ ವಿಧೇಯಕವನ್ನು, ಸಂಸತ್ತು ಅಂಗೀಕರಿಸಿದ್ದು ಒಂದೇ ರಾಜ್ಯವನ್ನು, ಆದ್ದರಿಂದ ಮತ್ತೊಮ್ಮೆ ಕೇಳಬೇಕಿತ್ತು. 1959ರಲ್ಲಿ ಸರ್ವೋಚ್ಚ ನ್ಯಾಯಾಲಯ ಇದನ್ನು ಒಪ್ಪಲಿಲ್ಲ. ಸಂವಿಧಾನದ 3ನೆಯ ಅನುಚ್ಛೇದವು ರಾಜ್ಯದ ಅಭಿಪ್ರಾಯವನ್ನು ಕೇಳಲು ಹೇಳುತ್ತದೆಯೇ ಹೊರತು ಪ್ರತಿ ತಿದ್ದುಪಡಿಗೂ ಮರಳಿ ಕೇಳಲು ಅಲ್ಲ ಎಂದಿತು. ಕಾನೂನಿನ ದೃಷ್ಟಿಯಿಂದ ತೀರ್ಪು ಸರಿಯಿರಬಹುದು. ಆದರೆ ಕೇಳಿದ ಪ್ರಶ್ನೆಯೊಂದು, ವಿಧಿಸಿದ ಉತ್ತರ ಇನ್ನೊಂದು ಎಂಬ ಅಹಮದಾಬಾದಿನವರ ದೂರು ಅದರಿಂದ ಸುಳ್ಳಾಗಲಿಲ್ಲ.

ಆರ್ಥಿಕ ವಾದವು ಮೂರು ನಗರಗಳಲ್ಲಿ ಒಂದೇ ಬಗೆಯದಾಗಿರಲು ಸಾಧ್ಯವಿರಲಿಲ್ಲ. 1861ರಿಂದ ಗಿರಣಿಗಳನ್ನು ಕಂಡ ಅಹಮದಾಬಾದಿಗೆ ಸ್ವಂತ ಬಂಡವಾಳವಿತ್ತು. ಸೂರತ್ತಿನ ನೇಯ್ಗೆ ಮತ್ತು ಜರಿ ಮುಂಬಯಿಯ ಮಾರುಕಟ್ಟೆಯನ್ನು ನೆಚ್ಚಿಕೊಂಡಿದ್ದವು. ಬರೋಡಾದ ಸ್ಥಿತಿ ಇನ್ನೂ ವಿಚಿತ್ರ: ಸಯಾಜಿರಾವ್ ಗಾಯಕವಾಡರ ಆ ಸಂಸ್ಥಾನ ತನ್ನದೇ ಬೊಕ್ಕಸ, ಶಾಲೆ, ಗ್ರಂಥಾಲಯಗಳನ್ನು ನಡೆಸಿಕೊಂಡಿದ್ದು, 1949ರ ಮೇ 1ರಂದು ಮುಂಬಯಿಯಲ್ಲಿ ವಿಲೀನವಾಗಿತ್ತು. ಸರಿಯಾಗಿ ಹನ್ನೊಂದು ವರ್ಷಕ್ಕೆ ಅದು ಮತ್ತೊಂದು ರಾಜ್ಯದ ಭಾಗವಾಯಿತು. ಇಲ್ಲಿ ಒಂದು ಮಾತನ್ನು ಸ್ಪಷ್ಟಪಡಿಸಬೇಕು. 2020ರಲ್ಲಿ ಬ್ರಿಟನ್ ಐರೋಪ್ಯ ಒಕ್ಕೂಟವನ್ನು ಬಿಟ್ಟು ಮುಂದೆ ಅದರ ಮಾರುಕಟ್ಟೆಯನ್ನೂ ಬಿಟ್ಟಿತು. ಗುಜರಾತ ಬಿಟ್ಟದ್ದು ಒಂದು ಸರ್ಕಾರವನ್ನು ಮಾತ್ರ. ಭಾರತದೊಳಗಣ ಮುಕ್ತ ವ್ಯಾಪಾರ, ನಾಣ್ಯ, ರೈಲುಗಳು ಹಾಗೆಯೇ ಉಳಿದವು. ಆದ್ದರಿಂದ ನಿಜವಾದ ಭಯ ವ್ಯಾಪಾರದ್ದಲ್ಲ, ಮುಂಬಯಿ ನಗರದ ತೆರಿಗೆ ಕೈತಪ್ಪಿದರೆ ಆಡಳಿತ ನಡೆಯುವುದು ಹೇಗೆಂಬುದು.

ಇದೇ ಭಯ ನಮ್ಮಲ್ಲಿ ತಲೆಕೆಳಗಾಗಿ ಕಾಣಿಸಿಕೊಂಡಿತ್ತು. ಹಳೆಯ ಮೈಸೂರಿನವರಲ್ಲಿ ಹಲವರು, ಉತ್ತರದ ಜಿಲ್ಲೆಗಳು ಸೇರಿದರೆ ತಮ್ಮ ಬೊಕ್ಕಸಕ್ಕೆ ಹೊರೆಯೆಂದು ಹಿಂಜರಿದರು. ಸೇರ್ಪಡೆಯ ಪರಿಣಾಮಗಳನ್ನು ಅರಿಯಲು ಮೈಸೂರು ಸರ್ಕಾರ ಶೇಷಾದ್ರಿ ಸಮಿತಿಯನ್ನೇ ನೇಮಿಸಿತು. ಅಹಮದಾಬಾದಿನಲ್ಲಿ ಬಿಡುವುದಕ್ಕೆ, ಬೆಂಗಳೂರಿನಲ್ಲಿ ಕೂಡುವುದಕ್ಕೆ ಅದೇ ಲೆಕ್ಕವನ್ನು ಅಡ್ಡ ಒಡ್ಡಲಾಯಿತು. ಮಧ್ಯಕಾಲದ ಸಾಹಿತ್ಯವನ್ನು ಓದುವ ನನಗೆ ಇನ್ನೊಂದು ನೆನಪೂ ಬರುತ್ತದೆ. ಮಾನ್ಯಖೇಟದ ರಾಷ್ಟ್ರಕೂಟರ ಶಾಖೆಯೊಂದು ಲಾಟದೇಶವನ್ನು ಆಳಿತು. ಅದರ ಅರಸ ಕರ್ಕನ ತಾಮ್ರಪಟಗಳು ಬರೋಡಾ, ಸೂರತ್ತುಗಳಲ್ಲಿ ದೊರೆತಿವೆ. ಕವಿರಾಜಮಾರ್ಗದ ಕಾಲದ ಅಮೋಘವರ್ಷನೊಡನೆ ಆ ಶಾಖೆ ಮುಂದೆ ಕಾದಾಡಿತು. ಹೋಲಿಕೆಯನ್ನು ಹೆಚ್ಚು ಎಳೆಯಬಾರದು. ಅಲ್ಲಿ ಪ್ರಜೆಗಳನ್ನು ಯಾರೂ ಕೇಳುವಂತಿರಲಿಲ್ಲ.

1960ರ ಮೇ 1ರಂದು ಸಾಬರಮತಿ ಆಶ್ರಮದಲ್ಲಿ ರವಿಶಂಕರ ಮಹಾರಾಜರು ಗುಜರಾತ ರಾಜ್ಯವನ್ನು ಉದ್ಘಾಟಿಸಿದರು. ಹಿಂದೆ ಬರೋಡಾದ ದಿವಾನರಾಗಿದ್ದ ಜೀವರಾಜ ಮೆಹತಾ ಮೊದಲ ಮುಖ್ಯಮಂತ್ರಿಯಾದರು. ವಿವಾದಿತ ಡಾಂಗ್ ಪ್ರದೇಶ ಗುಜರಾತಕ್ಕೆ ಸಂದಿತು. ಹೊಸ ರಾಜ್ಯದ ಆರಂಭದ ಕೊರತೆಗೂ ರಾಜಧಾನಿಯ ನಿರ್ಮಾಣಕ್ಕೂ ಮಹಾರಾಷ್ಟ್ರ ಹಣ ಕೊಡುವುದೆಂದು ಒಪ್ಪಂದವಾಯಿತು. ಭಾಷೆಯ ಅಭಿಮಾನ ಕೇಳಿದ್ದನ್ನು ಸಾಧ್ಯವಾಗಿಸಿದ್ದು ಈ ಲೆಕ್ಕದ ಇತ್ಯರ್ಥವೇ ಎಂದು ನನ್ನ ಅಭಿಪ್ರಾಯ. ಅದೇ ವರ್ಷ ಅಂಕಲೇಶ್ವರದಲ್ಲಿ ತೈಲ ಸಿಕ್ಕಿತು. ಕೊರತೆಯ ಅಂದಾಜು ಮಾಡಿದವರ ಪಟ್ಟಿಯಲ್ಲಿ ಅದು ಇರಲಿಲ್ಲ.

ಪರಾಟೆ ಪ್ರಕರಣದ ತತ್ತ್ವ ಮಾತ್ರ ಹಾಗೆಯೇ ಉಳಿದಿದೆ. 2014ರ ಜನವರಿಯಲ್ಲಿ ಆಂಧ್ರಪ್ರದೇಶದ ವಿಧಾನಸಭೆ ವಿಭಜನೆಯ ವಿಧೇಯಕವನ್ನು ತಿರಸ್ಕರಿಸಿತು. ಮರುತಿಂಗಳೇ ಸಂಸತ್ತು ಅದನ್ನು ಅಂಗೀಕರಿಸಿತು.